ತೊಗಲಿನ ಕಪ್ಪು: ಮುಂಡರಗಿ ಸೀಮೆಯನ್ನು ಕುರಿತ ಒಂದು ವಿಚಾರ

೧

ಬಟ್ಟೆಯ ಬಣ್ಣಗಳ ಚರಿತ್ರೆಯನ್ನು ಕುರಿತು ನಮ್ಮ ವಿದ್ವಾಂಸರು ಬೇಕಾದಷ್ಟು ವಿಚಾರಮಾಡಿರುವರು. ನೀಲಿ, ಮಂಜಿಷ್ಠೆ, ಕುಸುಬೆ, ಅರಗು ಮೊದಲಾದವುಗಳ ಹೆಸರು ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ಬಂದಲ್ಲೆಲ್ಲ ಅವುಗಳನ್ನು ಆಯ್ದು ಕೋದು, ನಮ್ಮ ಪೂರ್ವಿಕರು ಏನನ್ನು ಉಡುತ್ತಿದ್ದರು, ಅದಕ್ಕೆ ಎಂತಹ ಬಣ್ಣವಿತ್ತು ಎಂಬುದನ್ನು ತಕ್ಕಮಟ್ಟಿಗೆ ನಿರ್ಣಯಿಸಿದ್ದಾರೆ. ಆದರೆ ತೊಗಲಿನ ಬಣ್ಣದ ಮಾತು ಬಂದಾಗ ನಮ್ಮ ಬರೆವಣಿಗೆ ಬಹುಮಟ್ಟಿಗೆ ಮೌನವಾಗಿದೆ. ಕಾಲಲ್ಲಿ ಮೆಟ್ಟಿದ ಕೆರ, ಹೆಗಲಲ್ಲಿ ತೂಗುಹಾಕಿದ ಸಂಚಿ, ಬಾವಿಯಿಂದ ನೀರೆತ್ತಿದ ಕಪಿಲೆಯ ಬಾನೆ, ಎಣ್ಣೆ ತುಂಬಿದ ಬುದ್ದಲಿ, ಕುಲುಮೆಯ ತಿದಿ, ಇವೆಲ್ಲವೂ ತೊಗಲಿನವು. ಇವಿಲ್ಲದೆ ನಮ್ಮ ಹಳ್ಳಿಯ ಒಂದು ದಿನವೂ ಸಾಗುತ್ತಿರಲಿಲ್ಲ. ಆದರೂ ಇವು ಕಪ್ಪಾದುದು ಹೇಗೆ, ಕೆಂಪಾದುದು ಹೇಗೆ ಎಂಬುದನ್ನು ಯಾವ ಪಂಡಿತನೂ ಕೇಳಿದಂತೆ ತೋರುವುದಿಲ್ಲ.

ಪ್ರಕೃತ ಲೇಖನದ ವಿಷಯ ಚಿಕ್ಕದು. ಮನೆಯಲ್ಲಿರುವ ಒಂದು ತೊಗಲ ಸಂಚಿ ಮಾಸಿ ಬಿಳಿಚಿಕೊಂಡಾಗ, ಅದನ್ನು ಮನೆಯಲ್ಲಿಯೇ ದಟ್ಟವಾದ ಬಣ್ಣಕ್ಕೆ ತರುವ ಉಪಾಯ ಯಾವುದು, ಆ ಉಪಾಯದ ಹಿಂದಿನ ತತ್ತ್ವವೇನು, ಅದಕ್ಕೆ ಬೇಕಾದ ಸಾಮಗ್ರಿಗಳು ಮುಂಡರಗಿಯಂತಹ ಸೀಮೆಯಲ್ಲಿ ಎಲ್ಲಿ ದೊರೆಯುತ್ತಿದ್ದುವು, ಇಷ್ಟು ಸುಲಭವಾದ ವಿದ್ಯೆ ಗ್ರಂಥಗಳಲ್ಲಿ ಏಕೆ ಕಾಣುವುದಿಲ್ಲ, ಇವಿಷ್ಟೇ ಇಲ್ಲಿಯ ಪ್ರಶ್ನೆಗಳು. ವಿಷಯ ಚಿಕ್ಕದಾದರೂ ಅದು ಮುಟ್ಟುವ ಮರ್ಮ ಚಿಕ್ಕದಲ್ಲವೆಂಬುದು ಮುಂದೆ ತಿಳಿದುಬರುವುದು.

೨

ಮೊದಲು ಮಾತುಗಳನ್ನು ವಿಚಾರಿಸೋಣ. ಏಕೆಂದರೆ ಬರೆಯದೆ ಉಳಿದ ಕಸುಬಿಗೆ ಶಬ್ದಗಳೇ ಮೊದಲ ಶಾಸನ.

'ತೊಗಲು' ಎಂಬುದು ದೇಶ್ಯ. ತಮಿಳಿನ 'ತೋಲ್', ತೆಲುಗಿನ 'ತೋಲು' ಇದರ ಒಡಹುಟ್ಟುಗಳು. ಕನ್ನಡವು ನಡುವಿನ ಗಕಾರವನ್ನು ಉಳಿಸಿಕೊಂಡಿದೆ. ಹಸಿಯ ತೊಗಲನ್ನು ಬಾಳಿಕೆಗೆ ತಕ್ಕಂತೆ ಮಾಡುವುದಕ್ಕೆ ನಾವು 'ಹದಮಾಡುವುದು' ಎನ್ನುತ್ತೇವೆ. ಈ 'ಹದ'ವೂ ಹಳಗನ್ನಡದ 'ಪದ', ತಮಿಳಿನ 'ಪದಮ್' ಎಂಬ ದೇಶ್ಯವೇ ಹೊರತು ಸಂಸ್ಕೃತದ ಪದಶಬ್ದವಲ್ಲ. ಹೊಲದ ಹದ, ಪಾಕದ ಹದ, ತೊಗಲಿನ ಹದ ಮೂರಕ್ಕೂ ಒಂದೇ ಮಾತು ಸಲ್ಲುವುದನ್ನು ನೋಡಿದರೆ, ಒಕ್ಕಲಿಗನೂ ಅಡಿಗೆಯವಳೂ ಸಮಗಾರನೂ ಒಂದೇ ಬಗೆಯ ಕೈಯರಿವನ್ನು ನೆಚ್ಚಿದ್ದರೆಂದು ತಿಳಿಯುವುದು.

'ಕೆರ' ಎಂಬುದರ ಹಳೆಯ ರೂಪ 'ಕೆರ್ಪು'. ತಮಿಳಿನಲ್ಲಿ ಇದು 'ಚೆರುಪ್ಪು', ತೆಲುಗಿನಲ್ಲಿ 'ಚೆಪ್ಪು'. ಎಕಾರ ಇಕಾರಗಳ ಮುಂದೆ ಮೂಲದ ಕಕಾರವನ್ನು ಆ ಎರಡು ಭಾಷೆಗಳು ಚಕಾರವಾಗಿಸಿದುವು; ಕನ್ನಡವು ಹಾಗೆ ಮಾಡಲಿಲ್ಲ. 'ಕಿವಿ' ಎಂಬುದಕ್ಕೆ ತಮಿಳಿನ 'ಚೆವಿ' ಹೇಗೋ ಇದೂ ಹಾಗೆಯೇ. ಆದುದರಿಂದ ಕಾಲಿಗೆ ಮೆಟ್ಟುವ ಈ ವಸ್ತುವಿನ ಹೆಸರು ಭಾಷೆಗಳು ಕವಲೊಡೆಯುವುದಕ್ಕೂ ಮುಂಚಿನದೆಂದು ಹೇಳಬಹುದು. 'ಚಮ್ಮಾವುಗೆ'ಯ ಕಥೆ ಬೇರೆ. 'ಚರ್ಮ'ವು 'ಚಮ್ಮ'ವಾಗಿ, 'ಪಾದುಕೆ'ಯು 'ಪಾವುಗೆ', 'ಹಾವುಗೆ'ಯಾಗಿ ಬಂದ ಎರಡು ತದ್ಭವಗಳು ಇಲ್ಲಿ ಕೂಡಿವೆ. ವಚನಗಳನ್ನು ಓದಿದವರಿಗೆ ಈ ಮಾತು ಪರಿಚಿತವೇ ಆಗಿದೆ. 'ಚರ್ಮಕಾರ'ನು 'ಸಮ್ಮಗಾರ'ನಾಗಿ, ಬಳಿಕ 'ಸಮಗಾರ'ನಾದನು. ಹೀಗೆ ವಸ್ತುವಿಗೂ ಕ್ರಿಯೆಗೂ ದೇಶ್ಯಪದಗಳಿದ್ದು, ಕೆಲಸಗಾರನ ಹೆಸರು ಮಾತ್ರ ತದ್ಭವವಾಗಿದೆ. ಇದರ ಮೇಲೆ ದೊಡ್ಡ ಸಿದ್ಧಾಂತವನ್ನು ಕಟ್ಟಬಾರದು. ಆದರೂ ಕಸುಬು ಈ ನೆಲದ್ದು, ಕಸುಬಿನವನಿಗೆ ಜಾತಿಯಾಗಿ ಇಟ್ಟ ಹೆಸರು ಹೊರಗಿನಿಂದ ಬಂದ ಮಾತಿನದು ಎಂಬಷ್ಟನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಸಂಚಿಯ ಹೆಸರುಗಳೂ ವಿಚಾರಾರ್ಹವಾಗಿವೆ. ವರ್ತಕರ ಉದ್ದಚೀಲಕ್ಕೆ 'ಹಸುಬೆ' ಎಂದು ಹೆಸರು. ಹಳೆಯ ರೂಪ 'ಪಸುಂಬೆ', ತಮಿಳಿನಲ್ಲಿ 'ಪಸುಂಬೈ'. ಎಲೆಯಡಿಕೆಯ ಚೀಲ 'ಹಡಪ'. ಇದರ ಹಳೆಯ ರೂಪ 'ಅಡಪ', ತಮಿಳಿನಲ್ಲಿ 'ಅಡೈಪ್ಪೈ'. ಈ ಎರಡು ಪದಗಳ ಕೊನೆಯಲ್ಲಿಯೂ ಚೀಲವೆಂಬ ಅರ್ಥದ 'ಪೈ' ಎಂಬ ಪುರಾತನ ಶಬ್ದ ಅಡಗಿದೆ. ಬಸವಣ್ಣನವರ ಬಳಿ ಹಡಪವನ್ನು ಹಿಡಿದ ಅಪ್ಪಣ್ಣನು ಹಡಪದ ಅಪ್ಪಣ್ಣನೆಂದೇ ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧನಾಗಿದ್ದಾನೆ. ಒಂದು ಚೀಲದ ಹೆಸರು ಒಬ್ಬ ವಚನಕಾರನ ಹೆಸರಾಗಿ ನಿಂತ ಉದಾಹರಣೆ ಇತರ ಸಾಹಿತ್ಯಗಳಲ್ಲಿ ಅಪೂರ್ವವೆನ್ನಬಹುದು.

೩

ಇನ್ನು ಸ್ಥಳವನ್ನು ನೋಡೋಣ. ೧೯೯೭ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದು, ಆ ವರ್ಷ ಹೊಸದಾಗಿ ರಚಿತವಾದ ಗದಗ ಜಿಲ್ಲೆಗೆ ಸೇರಿದ ಮುಂಡರಗಿ ತಾಲ್ಲೂಕಿಗೆ ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಕಪ್ಪತಗುಡ್ಡ. ಈ ತಾಲ್ಲೂಕಿನ ಡಂಬಳವು ಚಾಲುಕ್ಯರ ಕಾಲದಲ್ಲಿ ಧರ್ಮವೊಳಲೆಂಬ ಹೆಸರಿನ ವರ್ತಕರ ಪಟ್ಟಣವಾಗಿತ್ತು. ಅಲ್ಲಿಯ ಹದಿನಾರು ಮಂದಿ ಸೆಟ್ಟಿಗಳು ಬೌದ್ಧವಿಹಾರವನ್ನು ಕಟ್ಟಿಸಿದುದನ್ನೂ ತಾರಾದೇವಿಗೆ ದತ್ತಿಬಿಟ್ಟುದನ್ನೂ ೧೦೯೫ರ ಶಾಸನವು ಹೇಳುತ್ತದೆ. ವರ್ತಕರಿದ್ದಲ್ಲಿ ಎತ್ತುಗಳೂ, ಎತ್ತುಗಳಿದ್ದಲ್ಲಿ ಹಗ್ಗ, ಮಿಣಿ, ಹಸುಬೆಗಳೂ ಇರಲೇಬೇಕು. ಶಾಸನವು ಸೆಟ್ಟಿಗಳನ್ನು ಹೊಗಳುತ್ತದೆ. ಅವರ ಹಸುಬೆಗಳನ್ನು ಹೊಲಿದವರು ಯಾರೆಂದು ಹೇಳುವುದಿಲ್ಲ. ಹೇಳುವುದು ಶಾಸನದ ಉದ್ದೇಶವೂ ಅಲ್ಲ.

ತೊಗಲಿನ ಹದಕ್ಕೂ ಬಣ್ಣಕ್ಕೂ ಮೂರು ವಸ್ತುಗಳು ಮುಖ್ಯ: ಒಗರು, ಕಬ್ಬಿಣ, ಹುಳಿ. ಈ ಮೂರೂ ಈ ಸೀಮೆಯಲ್ಲಿ ಕೈಗೆಟಕುವಷ್ಟು ಹತ್ತಿರದಲ್ಲಿವೆ.

ಒಗರಿಗೆ ತಂಗಡಿಯಿದೆ. ಆವರಿಕೆಯೆಂದೂ ಕರೆಯುವ ಈ ಹಳದಿ ಹೂವಿನ ಪೊದೆ ಬಯಲುಸೀಮೆಯ ಬೀಳುನೆಲದಲ್ಲಿ ತಾನಾಗಿ ಬೆಳೆಯುತ್ತದೆ. ಇದರ ತೊಗಟೆಯು ದಕ್ಷಿಣದೇಶದ ಚರ್ಮೋದ್ಯೋಗಕ್ಕೆ ಶತಮಾನಗಳ ಆಧಾರವಾಗಿದ್ದಿತು. ಕರಿಜಾಲಿಯ ತೊಗಟೆ, ಅಳಲೆಕಾಯಿ, ಇವೂ ಇದೇ ಕೆಲಸಕ್ಕೆ ಬರುತ್ತವೆ. ಕಬ್ಬಿಣಕ್ಕೆ ಕಪ್ಪತಗುಡ್ಡವೇ ಇದೆ. ಅದರ ಕಲ್ಲಿನಲ್ಲಿ ಕಬ್ಬಿಣದ ಅದಿರು ಹೇರಳವಾಗಿದೆ. ಡೋಣಿಯ ಸುತ್ತಣ ಹಳ್ಳಗಳ ಮರಳಿನಲ್ಲಿ ಚಿನ್ನದ ಕಣಗಳನ್ನು ಜಾಲಿಸುತ್ತಿದ್ದ ಜಾಲಗಾರರ ವಿಷಯ ಹತ್ತೊಂಬತ್ತನೆಯ ಶತಮಾನದ ಬರೆಹಗಳಲ್ಲಿ ಬಂದಿದೆ. ಇನ್ನು ಹುಳಿಗೆ ಜೋಳದ ಸೀಮೆಯಲ್ಲಿ ಬರವೇ? ನಿನ್ನೆಯ ಅಂಬಲಿ ಇಂದು ಹುಳಿಯೇ ಸರಿ.

ಈ ಗುಡ್ಡದ ಈಗಿನ ಸ್ಥಿತಿಯನ್ನೂ ಹೇಳುವುದು ಯುಕ್ತ. ಗದಗ, ಮುಂಡರಗಿ, ಶಿರಹಟ್ಟಿ ಈ ಮೂರು ತಾಲ್ಲೂಕುಗಳಲ್ಲಿ ಹರಡಿರುವ ಕಪ್ಪತಗುಡ್ಡದ ಸುಮಾರು ೨೪೪ ಚದರ ಕಿಲೋಮೀಟರು ಪ್ರದೇಶವನ್ನು ೨೦೧೯ರಲ್ಲಿ ವನ್ಯಜೀವಿಧಾಮವೆಂದು ಸಾರಲಾಯಿತು. ಔಷಧಿಗಿಡಗಳ ನೆಲೆಯಾದ ಆ ಗುಡ್ಡಕ್ಕೆ ಇದು ಸಲ್ಲಬೇಕಾದ ರಕ್ಷಣೆಯೇ ಸರಿ. ಆದರೆ ಅದರೊಡನೆ, ಗುಡ್ಡದ ತೊಗಟೆಯನ್ನು ಸುಲಿದು ತರುವ ಹಳೆಯ ಬಳಕೆಯೂ ಧಾಮದ ಎಲ್ಲೆಯೊಳಗೆ ಮುಗಿದಂತಾಯಿತು. ಬೀಳುನೆಲದ ತಂಗಡಿ ಮಾತ್ರ ಉಳಿದಿದೆ.

೪

ಈಗ ಕ್ರಿಯೆಯನ್ನು ವಿವರಿಸುವೆವು. ತೊಗಟೆಯ ಒಗರಿನಲ್ಲಿ ಹದವಾದ ತೊಗಲಿನ ಎಳೆ ಎಳೆಯಲ್ಲಿಯೂ ಆ ಒಗರು ಸೇರಿಕೊಂಡಿರುತ್ತದೆ. ಕಬ್ಬಿಣದ ಲವಣವು ಒಗರನ್ನು ಸಂಧಿಸಿದಾಗ ಕಪ್ಪುಬಣ್ಣ ಹುಟ್ಟುತ್ತದೆ. ಕಬ್ಬಿಣದ ಈಳಿಗೆಮಣೆಯ ಮೇಲೆ ಬಾಳೆಕಾಯಿಯನ್ನೋ ನೆಲ್ಲಿಕಾಯಿಯನ್ನೋ ಹೆಚ್ಚಿದವರ ಬೆರಳು ಕಪ್ಪಾಗುವುದನ್ನು ಯಾರು ನೋಡಿಲ್ಲ? ಅಡಿಗೆಮನೆಯ ಆ ಕಲೆಯೇ ತೊಗಲಿನ ಬಣ್ಣ. ಆದುದರಿಂದ ಒಗರಿನಲ್ಲಿ ಹದವಾದ ಸಂಚಿಗೆ ಹೊರಗಿನಿಂದ ಬಣ್ಣವನ್ನು ತಂದು ಹಾಕಬೇಕಾಗಿಲ್ಲ. ಬಣ್ಣದ ಅರ್ಧಭಾಗ ಅದರೊಳಗೇ ಇದೆ. ಉಳಿದರ್ಧವನ್ನು ಕೊಟ್ಟರೆ ಸಾಕು.

ಆ ಉಳಿದರ್ಧವನ್ನು ಮಾಡುವ ಬಗೆ ಹೀಗೆ. ತುಕ್ಕುಹಿಡಿದ ಮೊಳೆ, ಲಾಳದ ಚೂರು, ಅರದ ಪುಡಿ, ಇವುಗಳನ್ನು ಮಣ್ಣಿನ ಪಾತ್ರೆಯಲ್ಲಿ ಹಾಕಿ, ಹುಳಿಯಾದ ಗಂಜಿಯನ್ನೋ ಬೆಲ್ಲದ ನೀರನ್ನೋ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಎರಡು ವಾರದಷ್ಟು ಕಾಲ ಇಡಬೇಕು. ಬೆಲ್ಲದ ನೀರು ಹುದುಗಿ ಹುಳಿಯಾಗುತ್ತದೆ. ಹುಳಿಯು ಕಬ್ಬಿಣವನ್ನು ಮೆಲ್ಲಮೆಲ್ಲನೆ ಕರಗಿಸುತ್ತದೆ. ಬಟ್ಟೆಯ ಮೇಲೆ ಲೇಖನಿಯಿಂದ ಚಿತ್ರ ಬರೆಯುವ ಕಾಳಹಸ್ತಿಯ ಕಲಂಕಾರಿಯವರು ಕಪ್ಪುಗೆರೆಗಾಗಿ ಮಾಡಿಕೊಳ್ಳುವ ನೀರೂ ಇದೇ. ಅವರು ಮೊದಲು ಬಟ್ಟೆಯನ್ನು ಅಳಲೆಯ ಒಗರಿನಲ್ಲಿ ಅದ್ದುತ್ತಾರೆ. ತೊಗಲಿಗೆ ಆ ಅದ್ದುವಿಕೆ ಹದದ ಹೊಂಡದಲ್ಲಿಯೇ ಮುಗಿದಿರುತ್ತದೆ.

ಸಂಚಿಯನ್ನು ಮೊದಲು ಅಂಟವಾಳದ ನೀರಿನಿಂದ ಒರೆಸಿ ಹಳೆಯ ಜಿಡ್ಡನ್ನು ತೆಗೆಯಬೇಕು; ಜಿಡ್ಡಿದ್ದಲ್ಲಿ ಕಪ್ಪು ಇಳಿಯದೆ ಮಚ್ಚೆಮಚ್ಚೆಯಾಗುವುದು. ತೊಗಲು ಇನ್ನೂ ತೇವವಾಗಿರುವಾಗಲೇ, ಸೋಸಿದ ಕಬ್ಬಿಣದ ನೀರನ್ನು ಬಟ್ಟೆಯಲ್ಲಿ ಅದ್ದಿ ತೆಳುವಾಗಿ ಸವರಬೇಕು. ಮೊದಲು ಬೂದಿಬಣ್ಣ, ಬಳಿಕ ನೀಲಿಗಪ್ಪು, ಕೊನೆಗೆ ಕಪ್ಪು ಮೂಡುತ್ತದೆ. ಬಣ್ಣ ಸಾಲದಿದ್ದರೆ ತಪ್ಪು ಸಾಮಾನ್ಯವಾಗಿ ಕಬ್ಬಿಣದ್ದಲ್ಲ, ಒಗರಿನದು. ಅಳಲೆಯ ಕಷಾಯವನ್ನು ಒಮ್ಮೆ ಸವರಿ ಒಣಗಿಸಿ ಪುನಃ ಕಬ್ಬಿಣದ ನೀರನ್ನು ಕೊಟ್ಟರೆ ಅದು ದಟ್ಟವಾಗುವುದು. ಬಳಿಕ ತಿಳಿನೀರಿನಿಂದ ಎರಡು ಮೂರು ಸಲ ಒರೆಸಿ, ಬಿಸಿಲಿಗೊಡ್ಡದೆ ನೆರಳಿನಲ್ಲಿ ಆರಿಸಿ, ತುಸು ತೇವವಿರುವಾಗಲೇ ಹರಳೆಣ್ಣೆಯನ್ನು ತಿಕ್ಕಬೇಕು. ಎಣ್ಣೆಯಿಲ್ಲದ ಕಪ್ಪು ಬೂದಿಯಂತೆ ಕಾಣುವುದು. ಎಣ್ಣೆ ಕುಡಿದ ಕಪ್ಪಿಗೆ ಮಾತ್ರ ಆಳವುಂಟು. ಕಪ್ಪು ಬೇಡ, ಇರುವ ಕಂದೇ ಇನ್ನಷ್ಟು ಗಾಢವಾದರೆ ಸಾಕೆಂಬವರಿಗೆ ಕಬ್ಬಿಣವೇ ಬೇಡ. ಕಾಚಿನ ನೀರೂ ಎಣ್ಣೆಯೂ ಸಾಕು. ಯಾವುದನ್ನೇ ಮಾಡಿದರೂ ಸಂಚಿಯ ಮುಚ್ಚಳದ ಒಳಮೈಯಲ್ಲಿ ಒಂದು ಬೆರಳಗಲ ಪರೀಕ್ಷಿಸಿ ಮುಂದುವರಿಯುವುದು ವಿವೇಕ.

ಈ ತತ್ತ್ವ ನಿಜವೆಂಬುದಕ್ಕೆ ಒಂದು ವ್ಯತಿರೇಕದ ನಿದರ್ಶನವೂ ಉಂಟು. ನಮ್ಮ ತೊಗಲುಗೊಂಬೆಗಳ ಚರ್ಮವು ಒಗರಿನಲ್ಲಿ ಹದವಾದುದಲ್ಲ. ಕೂದಲು ತೆಗೆದು, ಹೆರೆದು, ಬೆಳಕು ತೂರುವಷ್ಟು ತೆಳುಮಾಡಿ ಒಣಗಿಸಿದುದು. ಅದಕ್ಕೆ ಕಬ್ಬಿಣದ ನೀರನ್ನು ಸವರಿದರೆ ತುಕ್ಕಿನ ಕಲೆ ಬಿದ್ದೀತೇ ಹೊರತು ಕಪ್ಪು ಹುಟ್ಟಲಾರದು. ಅದರ ಬಣ್ಣವನ್ನೆಲ್ಲ ಮೇಲಿನಿಂದಲೇ ಬರೆಯಬೇಕು. ಮುಂಡರಗಿಗೆ ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಾಗ ಈ ಕಲೆ ಮತ್ತೆ ಜನರ ಕಣ್ಣಿಗೆ ಬಿದ್ದಿತು. ಒಂದೇ ತೊಗಲು, ಎರಡು ಹದ, ಎರಡು ಬಗೆಯ ಬಣ್ಣ: ಒಂದರಲ್ಲಿ ಬಣ್ಣ ಒಳಗಿನಿಂದ ಹುಟ್ಟುತ್ತದೆ, ಇನ್ನೊಂದರಲ್ಲಿ ಹೊರಗಿನಿಂದ ಬಂದು ಕೂಡುತ್ತದೆ.

೫

ಇಲ್ಲಿಗೆ ನಮ್ಮ ಮುಖ್ಯ ಪ್ರಶ್ನೆ ಎದುರಾಗುತ್ತದೆ. ಇಷ್ಟು ಸರಳವಾದ ಈ ವಿದ್ಯೆ ಶಾಸ್ತ್ರಗ್ರಂಥಗಳಿಗೆ ತಿಳಿದಿರಲಿಲ್ಲವೆ? ತಿಳಿದಿತ್ತೆಂದೇ ಹೇಳಬೇಕು, ಆದರೆ ತೊಗಲಿನ ಪ್ರಸ್ತಾಪದಲ್ಲಲ್ಲ.

ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಗಂಧಯುಕ್ತಿಯ ಅಧ್ಯಾಯದಲ್ಲಿ ನರೆಗೂದಲನ್ನು ಕಪ್ಪುಮಾಡುವ ಕ್ರಮವನ್ನು ಹೇಳಿದ್ದಾನೆ. ಹಾರಕದ ಅಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ, ಹುಳಿನೀರಿನಲ್ಲಿ, ಕಬ್ಬಿಣದ ಪುಡಿಯೊಡನೆ ಬೇಯಿಸಿ, ನುಣ್ಣಗೆ ಅರೆದು ತಲೆಗೆ ಮೆತ್ತಿ, ಹಸಿಯ ಎಲೆಗಳನ್ನು ಸುತ್ತಿಕೊಂಡಿರಬೇಕು. ಎರಡು ಪ್ರಹರಗಳ ಬಳಿಕ ಅದನ್ನು ತೆಗೆದು ನೆಲ್ಲಿಕಾಯಿಯ ಲೇಪವನ್ನು ಹಚ್ಚಿ, ಮತ್ತೆರಡು ಪ್ರಹರಗಳ ಬಳಿಕ ತೊಳೆದರೆ ತಲೆ ಕಪ್ಪಾಗುವುದಂತೆ. ವಾಚಕರು ಇದನ್ನು ಮೇಲಿನ ಕ್ರಮದೊಡನೆ ಹೋಲಿಸಿ ನೋಡಬೇಕು. ಹುಳಿಯಲ್ಲಿ ಕರಗಿದ ಕಬ್ಬಿಣ, ಅದಕ್ಕೆ ಕೂಡುವ ನೆಲ್ಲಿಯ ಒಗರು! ಕೂದಲಿನಲ್ಲಿ ಮೊದಲೇ ಒಗರಿಲ್ಲವಾದುದರಿಂದ ಅದನ್ನು ಬೇರೆಯಾಗಿ ಕೊಡಬೇಕಾಯಿತು. ತೊಗಲಿನಲ್ಲಿ ಅದು ಮೊದಲೇ ಇದೆ. ಇಷ್ಟೇ ವ್ಯತ್ಯಾಸ. ರಾಜರ ತಲೆಯ ಕಪ್ಪಿಗೂ ಸಮಗಾರನ ಸಂಚಿಯ ಕಪ್ಪಿಗೂ ಸೂತ್ರವೊಂದೇ. ಒಂದನ್ನು ಶ್ಲೋಕದಲ್ಲಿ ಬರೆದಿಟ್ಟರು, ಇನ್ನೊಂದನ್ನು ಬರೆಯಲಿಲ್ಲ.

ಬರೆವಣಿಗೆಯ ಮಸಿಯ ವಿಷಯವೂ ಹೀಗೆಯೇ. ನಮ್ಮ ಹಳೆಯ ಮಸಿ ಹೆಚ್ಚಾಗಿ ದೀಪದ ಕಾಡಿಗೆಯದು. ಆದರೆ ತ್ರಿಫಲೆಯನ್ನೂ ಕಾಸೀಸವನ್ನೂ ಕೂಡಿಸಿ ಮಾಡುವ ಮಸಿಯೂ ಬಳಕೆಯಲ್ಲಿತ್ತು. ಕಾಸೀಸವೆಂದರೆ ಅಣ್ಣಭೇದಿ, ಎಂದರೆ ಕಬ್ಬಿಣದ ಲವಣ. ಅಳಲೆ ತಾರೆ ನೆಲ್ಲಿಗಳೆಂದರೆ ಒಗರು. ಆ ಮಸಿಯಿಂದ ಬರೆದವನ ಕೈಬೆರಳಿನ ಕಪ್ಪೂ ತೊಗಲಿಗೆ ಕಪ್ಪು ಕೊಟ್ಟವನ ಕೈಬೆರಳಿನ ಕಪ್ಪೂ ರಸಾಯನದ ಲೆಕ್ಕದಲ್ಲಿ ಒಂದೇ. ಲೋಕದ ಲೆಕ್ಕದಲ್ಲಿ ಒಬ್ಬನು ಊರೊಳಗಿನವನು, ಇನ್ನೊಬ್ಬನು ಊರ ಹೊರಗಿನವನು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಮಾನಸೋಲ್ಲಾಸವು ರಾಜಯೋಗ್ಯವಾದ ಉಪಭೋಗಗಳನ್ನು ಎಣಿಸುವಾಗ ಪಾದುಕೆಗೂ ಒಂದು ಸ್ಥಾನವನ್ನು ಕೊಟ್ಟಿದೆ. ಆ ಗ್ರಂಥದ ದೃಷ್ಟಿ ಭೋಗದ ದೃಷ್ಟಿ; ಮೆಟ್ಟುವವನು ಅಲ್ಲಿ ಕಾಣುತ್ತಾನೆ, ಹೊಲಿಯುವವನಲ್ಲ. ಶಬ್ದದಲ್ಲಿಯೂ ಇದೇ ವಿಚಿತ್ರವಿದೆ. ಸಂಸ್ಕೃತದಲ್ಲಿ 'ಕಷಾಯ'ವೆಂದರೆ ಒಗರುರುಚಿ, ಒಗರಿನ ರಸ, ಕೆಂಗಂದು ಬಣ್ಣ. ಅದರಿಂದಲೇ ಬಂದ 'ಕಾಷಾಯ'ವೆಂದರೆ ಸಂನ್ಯಾಸಿಯ ವಸ್ತ್ರ. ಒಗರೇ ಬಣ್ಣವೆಂಬ ಅರಿವು ಮಾತಿನಲ್ಲಿಯೇ ಅಡಗಿದೆ. ಆ ಅರಿವಿನ ಒಂದು ಕವಲು ಪೂಜ್ಯವಾದ ಬಟ್ಟೆಗೆ ಸಂದಿತು. ಇನ್ನೊಂದು ಕವಲು ಹದದ ಹೊಂಡದಲ್ಲಿಯೇ ಉಳಿಯಿತು.

ಈ ಮೌನವನ್ನು ಮುರಿದವರು ನಮ್ಮ ವಚನಕಾರರು. ಮಾದಾರ ಚೆನ್ನಯ್ಯನ ಅಂಕಿತದಲ್ಲಿಯೇ ಉಳಿ, ಕತ್ತಿ, ಅಡಿಗುಂಟ ಎಂಬ ಉಪಕರಣಗಳ ಹೆಸರುಗಳು ಕೂಡಿವೆ. ದೇವರನ್ನು ಕರೆಯುವ ಮಾತಿನಲ್ಲಿ ತನ್ನ ಕೈಯ ಹತ್ಯಾರುಗಳನ್ನು ಮುಚ್ಚಿಡದೆ ಇಟ್ಟ ಕವಿ ಅವನು. ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ ಇವರೂ ಅದೇ ಕಸುಬಿನ ಕುಲದವರಾಗಿ ವಚನಗಳನ್ನು ರಚಿಸಿದರು. ಸಮಗಾರ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆಯನ್ನು ಹೊಲಿದರೆಂಬ ಕಥೆ ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಆ ಕಥೆಯನ್ನು ಭಕ್ತಿಯ ಪರಾಕಾಷ್ಠೆಯೆಂದು ಮಾತ್ರ ನಾವು ಓದುತ್ತ ಬಂದಿದ್ದೇವೆ. ತೊಗಲನ್ನು ಮುಟ್ಟುವವನ ಮೈಯೂ ತೊಗಲೇ, ಮುಟ್ಟಲೊಲ್ಲದವನ ಮೈಯೂ ತೊಗಲೇ ಎಂಬ ಮಾತನ್ನು ಅದು ವಾದವಿಲ್ಲದೆ ಹೇಳುವುದನ್ನೂ ಗಮನಿಸಬೇಕು. ಆದರೆ ವಚನಗಳು ಕಸುಬಿನ ಕೈಪಿಡಿಗಳಲ್ಲ. ಅವು ಉಪಕರಣವನ್ನು ರೂಪಕವಾಗಿ ಎತ್ತಿಕೊಳ್ಳುತ್ತವೆ. ಒಗರೆಷ್ಟು, ಕಬ್ಬಿಣವೆಷ್ಟು ಎಂಬುದನ್ನು ಹೇಳುವುದಿಲ್ಲ.

ಆ ಕೆಲಸವನ್ನು ಬಹುಮಟ್ಟಿಗೆ ಪರದೇಶದ ಅಧಿಕಾರಿಗಳು ಮಾಡಿದರು. ಮುಂಬಯಿ ಇಲಾಖೆಯ ಚರ್ಮೋದ್ಯೋಗವನ್ನು ಕುರಿತು ಮಾರ್ಟಿನ್ ಎಂಬವನು ೧೯೦೩ರಲ್ಲಿಯೂ, ಮದ್ರಾಸು ಇಲಾಖೆಯದನ್ನು ಕುರಿತು ಆಲ್ಫ್ರೆಡ್ ಛಾಟರ್ಟನ್ ೧೯೦೪ರಲ್ಲಿಯೂ ಪ್ರಬಂಧಗಳನ್ನು ಪ್ರಕಟಿಸಿದರು. ಮುಂಡರಗಿ ಆಗ ಮುಂಬಯಿ ಇಲಾಖೆಯಲ್ಲಿತ್ತು. ಅವರ ಆಸ್ಥೆ ವ್ಯಾಪಾರದ್ದಾದರೂ ಅವರು ಹೊಂಡದ ಅಂಚಿನಲ್ಲಿ ನಿಂತು ನೋಡಿ ಬರೆದರು. ನಾವು ನಿಲ್ಲಲಿಲ್ಲ.

೬

ಈ ಕಪ್ಪಿನಲ್ಲಿ ಗುಣವಿರುವಂತೆ ದೋಷವೂ ಉಂಟು. ಅದನ್ನು ಮರೆಮಾಚುವುದು ವಿಮರ್ಶಕನ ಧರ್ಮವಲ್ಲ. ಕಬ್ಬಿಣ ಹೆಚ್ಚಾದರೆ ತೊಗಲು ಕಾಲಕ್ರಮದಲ್ಲಿ ಬಿರಿದು ಪುಡಿಯಾಗುವುದು. ಪೇಟೆಯ ಅಣ್ಣಭೇದಿಯನ್ನು ಬಳಸಿದರೆ ಅದರಲ್ಲಿ ಸೇರಿರುವ ಗಂಧಕದ ಆಮ್ಲವು ಹಿಂದೆ ಉಳಿದು ಎಳೆಗಳನ್ನು ತಿನ್ನುತ್ತದೆ. ಅಂಬಲಿಯ ಹುಳಿ ಅಷ್ಟು ತೀಕ್ಷ್ಣವಲ್ಲ. ಆದುದರಿಂದ ಮನೆಯ ನಿಧಾನದ ಕ್ರಮವು ಅಂಗಡಿಯ ಅವಸರದ ಕ್ರಮಕ್ಕಿಂತ ಸೌಮ್ಯವಾದುದು. ಕಬ್ಬಿಣದ ಮಸಿ ಕಾಗದವನ್ನು ಕೊರೆಯುವುದೂ ಇದೇ ಕಾರಣದಿಂದ. ಹಸ್ತಪ್ರತಿಗಳಲ್ಲಿ ಅಕ್ಷರವಿದ್ದ ಕಡೆಯಲ್ಲಿಯೇ ತೂತುಬಿದ್ದುದನ್ನು ಸಂಶೋಧಕರು ಕಂಡಿರುವರು.

ತಂಗಡಿಯ ಒಗರಿಗೂ ಒಂದು ಕುಂದುಂಟು. ಪುಸ್ತಕಗಳ ಚರ್ಮದ ಹೊದಿಕೆ ಬೇಗ ಹಾಳಾಗುತ್ತಿದೆಯೆಂಬ ದೂರಿನ ಮೇಲೆ ಲಂಡನಿನ ಸೊಸೈಟಿ ಆಫ್ ಆರ್ಟ್ಸ್ ಎಂಬ ಸಂಘವು ಒಂದು ಸಮಿತಿಯನ್ನು ನೇಮಿಸಿ, ೧೯೦೧ರಲ್ಲಿ ಅದರ ವರದಿಯನ್ನು ಹೊರತಂದಿತು. ಹಿಂದೂಸ್ಥಾನದಿಂದ ಬರುತ್ತಿದ್ದ, ತಂಗಡಿಯ ತೊಗಟೆಯಲ್ಲಿ ಹದಮಾಡಿದ ಆಡುಕುರಿಗಳ ತೊಗಲು ಬೆಳಕಿಗೆ ಕೆಂಪಾಗಿ ಬೇಗ ಪುಡಿಯಾಗುವುದೆಂದೂ, ಪುಸ್ತಕದ ಹೊದಿಕೆಗೆ ಅದು ತಕ್ಕುದಲ್ಲವೆಂದೂ ಆ ಸಮಿತಿ ನಿರ್ಣಯಿಸಿತು. ನಮ್ಮ ಗ್ರಂಥಭಂಡಾರಗಳಲ್ಲಿ ಹಳೆಯ ಸಂಪುಟವನ್ನು ತೆಗೆದಾಗ ಅಂಗೈಗೆ ಹತ್ತುವ ಕೆಂಪುಹುಡಿಯ ಕಾರಣವಿದು. ಆದರೆ ಸಂಚಿ ಪುಸ್ತಕವಲ್ಲ. ಸಂಚಿಯನ್ನು ದಿನವೂ ಕೈ ಮುಟ್ಟುತ್ತದೆ, ವರ್ಷಕ್ಕೊಮ್ಮೆ ಎಣ್ಣೆ ಕಾಣುತ್ತದೆ, ಹರಿದರೆ ಹೊಲಿಗೆ ಬೀಳುತ್ತದೆ. ಪುಸ್ತಕದ ಹೊದಿಕೆಗೆ ಈ ಉಪಚಾರವಿಲ್ಲ. ಉಪಚಾರವಿಲ್ಲದೆ ಬಾಳುವ ತೊಗಲಿಲ್ಲ.

ಬಳಿಕ ಹೊಸ ಬಣ್ಣಗಳು ಬಂದುವು. ೧೮೫೬ರಲ್ಲಿ ಪರ್ಕಿನನು ಕಲ್ಲಿದ್ದಲಿನ ಡಾಂಬರಿನಿಂದ ನೇರಿಳೆಬಣ್ಣವನ್ನು ತೆಗೆದುದರಿಂದ ಆರಂಭವಾದ ರಾಸಾಯನಿಕ ಬಣ್ಣಗಳ ಸಾಲಿನಲ್ಲಿ ತೊಗಲಿನ ಕಪ್ಪೂ ಸೇರಿತು. ನಿಗ್ರೋಸಿನ್ ಎಂಬ ಆ ಕಪ್ಪು ಪಾಲಿಷಿನ ಡಬ್ಬಿಗಳಲ್ಲಿ ಊರೂರಿಗೂ ಬಂದಿತು. ಹದದ ಕ್ರಮವೂ ಬದಲಾಯಿತು. ಛಾಟರ್ಟನ್ನನು ೧೯೦೩ರ ಸುಮಾರಿಗೆ ಮದ್ರಾಸಿನಲ್ಲಿ ಕ್ರೋಮ್ ಲವಣದಿಂದ ಹದಮಾಡುವ ಪದ್ಧತಿಯನ್ನು ಆರಂಭಿಸಿದನು. ಆಗ ಅದರ ಮುಖ್ಯ ಪ್ರಯೋಜನಗಳಲ್ಲೊಂದು ಬಾವಿಯ ನೀರೆತ್ತುವ ಬಾನೆ ಬೇಗ ಕೊಳೆಯದಂತೆ ಮಾಡುವುದಾಗಿತ್ತು. ಕ್ರೋಮ್ ತೊಗಲಿನಲ್ಲಿ ಒಗರಿಲ್ಲ. ಆದುದರಿಂದ ಇಂದು ಪೇಟೆಯಲ್ಲಿ ಕೊಂಡ ಸಂಚಿಗೆ ಅಜ್ಜಿಯ ಕಾಲದ ಕಬ್ಬಿಣದ ನೀರನ್ನು ಸವರಿ, ಕಪ್ಪು ಬರಲಿಲ್ಲವೆಂದು ಅಜ್ಜಿಯನ್ನು ಹಳಿಯುವುದು ನ್ಯಾಯವಲ್ಲ. ಸಂಚಿಯ ಅಂಚನ್ನು ಕತ್ತರಿಸಿದಲ್ಲಿ ನಡುಪದರು ನೀಲಿಬೂದಿಯಾಗಿ ಕಂಡರೆ ಅದು ಕ್ರೋಮಿನದಿರಬಹುದು. ಕಂದಾಗಿ ಕಂಡರೆ ತೊಗಟೆಯದಿರಬಹುದು. ಬಣ್ಣ ಹಾಕಿದ ತೊಗಲಿನಲ್ಲಿ ಇದೂ ಮೋಸಮಾಡೀತಾದುದರಿಂದ ಪರೀಕ್ಷೆಯೇ ಪ್ರಮಾಣ.

೭

ತೊಗಟೆಯ ಹದ ನಮ್ಮ ನಾಡಿನಲ್ಲಿ ಪೂರ್ತಿಯಾಗಿ ಅಳಿದಿಲ್ಲ. ಅಥಣಿ ನಿಪ್ಪಾಣಿಗಳ ಸುತ್ತಿನಲ್ಲಿ ಅದೇ ಕ್ರಮದ ತೊಗಲಿನಿಂದ ಹೊಲಿದ ಮೆಟ್ಟುಗಳು ಕೊಲ್ಹಾಪುರದ ಹೆಸರಿನಲ್ಲಿ ಪ್ರಸಿದ್ಧವಾಗಿವೆ. ೨೦೧೯ರಲ್ಲಿ ಆ ಮೆಟ್ಟುಗಳಿಗೆ ಭೌಗೋಳಿಕ ಸೂಚಿಯ ಮನ್ನಣೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದುವು. ಗದಗ ಜಿಲ್ಲೆಯ ಹೆಸರು ಆ ಪಟ್ಟಿಯಲ್ಲಿಲ್ಲ. ೧೯೯೭ಕ್ಕೆ ಮುಂಚೆ ಒಂದೇ ಜಿಲ್ಲೆಯಾಗಿದ್ದ ನೆಲದಲ್ಲಿ ಒಂದು ಭಾಗಕ್ಕೆ ಮನ್ನಣೆ ಬಂದು ಇನ್ನೊಂದು ಭಾಗಕ್ಕೆ ಬಾರದಿರುವುದು, ಬರೆಹಕ್ಕೆ ಬಂದುದಷ್ಟೇ ಲೆಕ್ಕಕ್ಕೆ ಬರುವುದೆಂಬುದಕ್ಕೆ ಹೊಸ ನಿದರ್ಶನವಾಗಿದೆ.

ಈ ಕಸುಬನ್ನು ಬಿಟ್ಟವರು ಬಿಟ್ಟುದಕ್ಕೆ ನಾವು ಮರುಗಬೇಕಾಗಿಲ್ಲ. ಹೊಂಡದ ನಾತದೊಡನೆ ಊರಿನ ತಿರಸ್ಕಾರವನ್ನೂ ಹೊತ್ತವರ ಮಕ್ಕಳು ಶಾಲೆಗೆ ಹೋಗಿ ಬೇರೆ ಬಾಳನ್ನು ಕಟ್ಟಿಕೊಂಡರೆ ಅದು ನಾಡಿನ ಭಾಗ್ಯ. ೧೯೫೦ರ ಸಂವಿಧಾನವು ಅಸ್ಪೃಶ್ಯತೆಯನ್ನು ನಿಷೇಧಿಸಿ ಹೇಳಿದುದೂ ಇದನ್ನೇ. ಆದರೆ ಕಸುಬಿನೊಡನೆ ಅಂಟಿಕೊಂಡಿದ್ದ ಕಳಂಕ ಹೋಗಬೇಕಾದುದು ಒಂದು, ಕಸುಬಿನೊಳಗಿದ್ದ ಅರಿವು ಹೋಗುವುದು ಇನ್ನೊಂದು. ಮೊದಲನೆಯದು ಇನ್ನೂ ಪೂರ್ತಿಯಾಗಿ ಹೋಗಿಲ್ಲ; ಎರಡನೆಯದು ಬೇಗಬೇಗನೆ ಹೋಗುತ್ತಿದೆ. ಇದು ತಲೆಕೆಳಗಾದ ನ್ಯಾಯ.

ಸಾಹಿತ್ಯವನ್ನು ಕಲಿಸುವ ಅಧ್ಯಾಪಕರಲ್ಲಿ ನಮ್ಮದೊಂದು ಬಿನ್ನಹ. ಚಮ್ಮಾವುಗೆ, ಅಡಿಗುಂಟ, ತಿದಿ, ಹಸುಬೆ, ಹದ, ಈ ಮಾತುಗಳು ಪಾಠದಲ್ಲಿ ಬಂದಾಗ ನಿಘಂಟಿನ ಅರ್ಥವನ್ನು ಹೇಳಿ ಮುಂದೆ ಸಾಗುವುದು ನಮ್ಮೆಲ್ಲರ ರೂಢಿ. ಆ ಮಾತುಗಳ ಪೂರ್ಣಾರ್ಥವನ್ನು ಬಲ್ಲ ಹಿರಿಯರು ಇನ್ನೂ ಕೆಲವು ಊರುಗಳಲ್ಲಿದ್ದಾರೆ. ಅವರ ಮನೆಗೆ ಹೋಗಿ, ಕೆಳಗೆ ಕುಳಿತು, ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ, ಅವರ ಒಪ್ಪಿಗೆಯಿಂದ, ಅವರದೇ ಅರಿವೆಂದು ನಮೂದಿಸಿ ಬರೆದುಕೊಂಡರೆ ಅದು ಒಂದು ಶಾಸನವನ್ನು ಓದಿದುದಕ್ಕೆ ಕಡಮೆಯಾದ ಕೆಲಸವಲ್ಲ. ಕಲ್ಲಿನ ಶಾಸನ ಇನ್ನೂ ನೂರು ವರ್ಷ ಕಾದೀತು; ಇದು ಕಾಯಲಾರದು.

ಹಳೆಯ ಮನೆಗಳ ಅಟ್ಟದ ಮೇಲೆ, ಹೊಲದ ಕಾಗದಪತ್ರಗಳನ್ನು ತುಂಬಿದ ತೊಗಲ ಸಂಚಿಗಳು ಈಗಲೂ ಅಲ್ಲಲ್ಲಿ ಸಿಕ್ಕುವುದುಂಟು. ಸಂಶೋಧಕರು ಒಳಗಿನ ಕಾಗದಗಳನ್ನು ಆಯ್ದುಕೊಂಡು ಸಂಚಿಯನ್ನು ಎಸೆದುಬಿಡುತ್ತಾರೆ. ಕಾಗದದ ಮೇಲಣ ಕಪ್ಪನ್ನು ಓದುವಂತೆಯೇ ಸಂಚಿಯ ಮೇಲಣ ಕಪ್ಪನ್ನೂ ಓದುವ ಕಾಲ ಬರಲಿ.